ಜಾಗ ಹೋಗುವ ಭಯ

ಮಳೆಗಾಲ ಮುಗಿಯುವ ಮೊದಲೇ ನಮ್ಮಲ್ಲಿ ಶಾಲಾ ಕ್ರೀಡಾಕೂಟಗಳು ಶುರುವಾಗುತ್ತವೆ. ವಲಯ ಮಟ್ಟ, ತಾಲ್ಲೂಕು ಮಟ್ಟ, ಜಿಲ್ಲಾ ಮಟ್ಟ ಎಂದು ಒಂದರ ಹಿಂದೊಂದು. ಹುಬ್ಬಳ್ಳಿಯ ಅಮರಗೋಳದ ಸುತ್ತಿನ ಮೈದಾನಗಳು ಆಗ ಮೇಲೆ ಒಣಗಿದಂತೆ ಕಂಡರೂ ಕೆಳಗೆ ಹಸಿಯಾಗಿಯೇ ಇರುತ್ತವೆ. ಕಬಡ್ಡಿಯಲ್ಲಿ ರೈಡಿಗೆ ಹೋದ ಹುಡುಗನ ಕಾಲು ಜಾರುತ್ತದೆ, ಹಿಡಿಯಲು ಬಂದವನ ಮೊಣಕಾಲು ಅವನ ಕಿವಿಯ ಹಿಂದೆ ಬಡಿಯುತ್ತದೆ, ಮೇಲೆ ನಾಲ್ವರು ಬೀಳುತ್ತಾರೆ. ಎದ್ದವನು ಒಂದು ಕ್ಷಣ ಯಾವ ಕಡೆ ಹೋಗಬೇಕೆಂದು ತಿಳಿಯದೆ ನಿಲ್ಲುತ್ತಾನೆ. ಯಾರೋ ತಲೆಗೆ ನೀರು ಸುರಿಯುತ್ತಾರೆ, ಯಾರೋ ಉಳ್ಳಾಗಡ್ಡಿ ಮೂಸಿಸುತ್ತಾರೆ. ಮಾಸ್ತರು ಕೇಳಿದರೆ ಅವನ ಉತ್ತರ ಸಿದ್ಧ: “ಏನೂ ಆಗಿಲ್ರಿ ಸರ್, ಆಡ್ತೇನ್ರಿ.”

ಅವನು ಸುಳ್ಳು ಹೇಳುತ್ತಿದ್ದಾನೆ. ಯಾಕೆ ಹೇಳುತ್ತಾನೆ ಎಂಬುದನ್ನು ದೊಡ್ಡವರಾದ ನಾವು ಯೋಚಿಸಬೇಕು.

ತಲೆ ಧಿಮ್ಮೆಂದಿತು ಎಂದು ನಾವು ಹಗುರವಾಗಿ ಹೇಳುವ ಸ್ಥಿತಿಯನ್ನು ವೈದ್ಯರು ಕನ್ಕಶನ್ ಎನ್ನುತ್ತಾರೆ. ಏಟಿನ ರಭಸಕ್ಕೆ ಮಿದುಳು ಬುರುಡೆಯೊಳಗೇ ಅಲುಗಾಡಿ, ಅದರ ಕೆಲಸ ಕೆಲಕಾಲ ಏರುಪೇರಾಗುತ್ತದೆ. ರಕ್ತ ಬರಬೇಕೆಂದಿಲ್ಲ, ಎಚ್ಚರ ತಪ್ಪಬೇಕೆಂದೂ ಇಲ್ಲ. ಹತ್ತರಲ್ಲಿ ಒಂಬತ್ತು ಸಲ ಎಚ್ಚರ ತಪ್ಪುವುದೇ ಇಲ್ಲ. ಸ್ಕ್ಯಾನ್ ಮಾಡಿಸಿದರೂ ಎಷ್ಟೋ ಬಾರಿ ಎಲ್ಲ ಸರಿಯಾಗಿಯೇ ಕಾಣುತ್ತದೆ. ಆದರೆ ತಲೆನೋವು, ವಾಕರಿಕೆ, ಬೆಳಕು ಕಂಡರೆ ಆಗದಿರುವುದು, ಸುಮ್ಮನೆ ಸಿಟ್ಟು, ಓದಿದ್ದು ನೆನಪಿನಲ್ಲಿ ನಿಲ್ಲದಿರುವುದು ವಾರಗಟ್ಟಲೆ ಕಾಡಬಹುದು. ಎಸ್ಸೆಸ್ಸೆಲ್ಸಿ ಓದುವ ಮಗ ಪುಸ್ತಕ ಹಿಡಿದು ಕೂರುತ್ತಿಲ್ಲವೆಂದು ಬೈಯುವ ಮನೆಯವರಿಗೆ, ಹದಿನೈದು ದಿನದ ಹಿಂದಿನ ಆ ಪಂದ್ಯ ನೆನಪಿಗೂ ಬರುವುದಿಲ್ಲ. ಮೊದಲ ಪೆಟ್ಟು ಮಾಯುವ ಮುನ್ನ ಎರಡನೆಯದು ಬಿದ್ದರೆ ಮಿದುಳು ಊದಿಕೊಂಡು ಜೀವಕ್ಕೇ ಕುತ್ತಾಗಬಹುದು. ಇದು ಅಪರೂಪ, ಆದರೆ ಹೆಚ್ಚಾಗಿ ಕಂಡುಬಂದಿರುವುದು ಹದಿಹರೆಯದವರಲ್ಲೇ.

ಆದರೂ ಹುಡುಗ ಸುಳ್ಳು ಹೇಳುವುದೇಕೆ? 2020ರ ಜನವರಿಯಲ್ಲಿ ಮುಂಬೈನ ಏಕದಿನ ಪಂದ್ಯದಲ್ಲಿ ಆಸ್ಟ್ರೇಲಿಯಾದ ಪ್ಯಾಟ್ ಕಮಿನ್ಸ್ ಎಸೆದ ಚೆಂಡು ರಿಷಭ್ ಪಂತ್ ಹೆಲ್ಮೆಟ್ಟಿಗೆ ಬಡಿಯಿತು. ಕನ್ಕಶನ್ ಎಂದು ಪಂತ್ ಹೊರಗೆ ಕೂತರು, ನಮ್ಮ ಕೆ.ಎಲ್. ರಾಹುಲ್ ಕೀಪಿಂಗ್ ಗ್ಲೌಸ್ ತೊಟ್ಟರು. ಮುಂದೆ ನ್ಯೂಜಿಲೆಂಡಿನ ಟಿ20, ಏಕದಿನ ಪಂದ್ಯಗಳಲ್ಲೂ ಕೀಪರ್ ರಾಹುಲ್ ಅವರೇ, ಪಂತ್ ಬೆಂಚಿನಲ್ಲೇ. ಆ ಆಯ್ಕೆಗೆ ಆಟದ ಕಾರಣಗಳು ಏನೇ ಇರಲಿ, ಟಿವಿ ನೋಡುತ್ತಿದ್ದ ಹುಡುಗ ಕಲಿತದ್ದು ಒಂದೇ: ಒಮ್ಮೆ ಹೊರಗೆ ಕೂತರೆ ಜಾಗ ಹೋಗುತ್ತದೆ. ವಲಯದಿಂದ ತಾಲ್ಲೂಕಿಗೆ, ತಾಲ್ಲೂಕಿನಿಂದ ಜಿಲ್ಲೆಗೆ, ಅಲ್ಲಿಂದ ಕ್ರೀಡಾ ವಸತಿ ನಿಲಯಕ್ಕೆ ಎಂದು ಲೆಕ್ಕ ಹಾಕುತ್ತಿರುವ ಬಡ ಮನೆಯ ಮಗು ತಲೆನೋವನ್ನು ಮುಚ್ಚಿಡದೆ ಇನ್ನೇನು ಮಾಡೀತು?

ಅಂತರರಾಷ್ಟ್ರೀಯ ಕ್ರಿಕೆಟ್ಟಿನಲ್ಲಿ ಕನ್ಕಶನ್ ಆದವನ ಬದಲಿಗೆ ಇನ್ನೊಬ್ಬನನ್ನು ಆಡಿಸುವ ನಿಯಮ 2019ರಲ್ಲಷ್ಟೇ ಬಂತು. ಕಬಡ್ಡಿಗೆ ಅಂಥ ಹೊಸ ನಿಯಮದ ಅಗತ್ಯವೂ ಇಲ್ಲ. ತಂಡದಲ್ಲಿ ಹನ್ನೆರಡು ಜನ, ಅಂಕಣದಲ್ಲಿ ಏಳು. ಐವರು ಹೊರಗೆ ಕಾಯುತ್ತಲೇ ಇರುತ್ತಾರೆ. ಖೋ ಖೋದಲ್ಲೂ ಬದಲಿ ಆಟಗಾರರಿದ್ದಾರೆ. ಪೆಟ್ಟು ತಿಂದವರನ್ನು ಕೂರಿಸಲು ಶಾಲೆಗೆ ಒಂದು ರೂಪಾಯಿ ಖರ್ಚಿಲ್ಲ.

ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ 2006ರಲ್ಲಿ ಜ್ಯಾಕರಿ ಲಿಸ್ಟೆಡ್ ಎಂಬ 13 ವರ್ಷದ ಹುಡುಗ ತಲೆಗೆ ಪೆಟ್ಟಾದ ಮೇಲೂ ಆಟಕ್ಕಿಳಿದು, ಪಂದ್ಯ ಮುಗಿಯುತ್ತಲೇ ಕುಸಿದ. ಬದುಕಿದ, ಆದರೆ ಮಾತು, ನಡಿಗೆ ಎಲ್ಲವನ್ನೂ ಹೊಸದಾಗಿ ಕಲಿಯಬೇಕಾಯಿತು. 2009ರಲ್ಲಿ ಅವನ ಹೆಸರಿನಲ್ಲೇ ಕಾನೂನು ಬಂತು: ಸಂಶಯವಿದ್ದರೆ ತಕ್ಷಣ ಹೊರಗೆ, ವೈದ್ಯರು ಬರೆದುಕೊಡದೆ ಮತ್ತೆ ಒಳಗಿಲ್ಲ. ಐದೇ ವರ್ಷದಲ್ಲಿ ಅಲ್ಲಿನ ಐವತ್ತೂ ರಾಜ್ಯಗಳು ಇಂಥ ಕಾನೂನು ಮಾಡಿದವು. ನಮ್ಮಲ್ಲಿ? 2022ರ ಜುಲೈನಲ್ಲಿ ಬೆಂಗಳೂರಿನ ಕಿಕ್ ಬಾಕ್ಸಿಂಗ್ ಸ್ಪರ್ಧೆಯೊಂದರಲ್ಲಿ ಏಟು ತಿಂದು ಬಿದ್ದ ಮೈಸೂರಿನ 23 ವರ್ಷದ ಯುವಕ ತೀರಿಕೊಂಡ. ಸ್ಥಳದಲ್ಲಿ ವೈದ್ಯಕೀಯ ವ್ಯವಸ್ಥೆಯೇ ಇರಲಿಲ್ಲವೆಂದು ತಂದೆ ದೂರಿದರು. ನಾಲ್ಕು ದಿನ ಸುದ್ದಿಯಾಯಿತು, ಅಷ್ಟೇ.

ಅಮರಗೋಳದವರು ಆಸ್ಪತ್ರೆ ದೂರ ಎನ್ನುವಂತಿಲ್ಲ. ನವನಗರ, ಭೈರಿದೇವರಕೊಪ್ಪ, ಉಣಕಲ್ ದಾಟಿದರೆ ಮೊದಲು ಕಿಮ್ಸ್ ಎನ್ನುತ್ತಿದ್ದ ಕೆಎಂಸಿಆರ್‌ಐ ಆಸ್ಪತ್ರೆ ಇದೆ. ಪದೇ ಪದೇ ವಾಂತಿ, ಏರುತ್ತಿರುವ ತಲೆನೋವು, ಮಂಪರು, ಫಿಟ್ಸ್, ಒಂದು ವಸ್ತು ಎರಡಾಗಿ ಕಾಣುವುದು, ಕೈಕಾಲು ಸೋಲುವುದು, ಕತ್ತು ನೋವು, ಇವುಗಳಲ್ಲಿ ಒಂದು ಕಂಡರೂ 108ಕ್ಕೆ ಕರೆ ಮಾಡಬೇಕು, ಉಳ್ಳಾಗಡ್ಡಿ ಹುಡುಕುತ್ತ ನಿಲ್ಲಬಾರದು. ಇವು ಯಾವುವೂ ಇಲ್ಲದಿದ್ದರೂ ಆ ದಿನ ಮತ್ತೆ ಆಟವಿಲ್ಲ. ಮೊದಲ ಒಂದೆರಡು ದಿನ ವಿಶ್ರಾಂತಿ, ಆಮೇಲೆ ಪಾಠ, ಲಘು ಓಟ. ಮೈಗೆ ಮೈ ತಾಗುವ ಆಟ ಎಲ್ಲಕ್ಕಿಂತ ಕೊನೆಗೆ, ಅದೂ ವೈದ್ಯರು ಒಪ್ಪಿದ ಮೇಲೆ.

ಪೆಟ್ಟಾದವರನ್ನು ಹೊರಗೆ ಕೂರಿಸಬೇಕೇ ಎಂದು ನಿರ್ಧರಿಸುವ ಹೊಣೆ ಮಗುವಿನದಾಗಬಾರದು, ಗೆಲ್ಲಲು ಕಾದಿರುವ ತಂಡದ್ದಂತೂ ಆಗಲೇಬಾರದು. ಹೊರಗೆ ಕೂರಿಸುವಾಗ ದೈಹಿಕ ಶಿಕ್ಷಕರ ಮಾತೇ ಕೊನೆಯದೆಂದು ಕ್ಷೇತ್ರ ಶಿಕ್ಷಣಾಧಿಕಾರಿಗಳು ಕ್ರೀಡಾಕೂಟದ ಸುತ್ತೋಲೆಯಲ್ಲೇ ಬರೆಯಲಿ. ಜೊತೆಗೆ ಇನ್ನೊಂದು ಸಾಲು ಸೇರಲಿ: ತಲೆಗೆ ಪೆಟ್ಟಾಗಿ ಹೊರಗೆ ಕೂತ ಮಗುವಿನ ಹೆಸರನ್ನು ಮುಂದಿನ ಹಂತದ ತಂಡದಿಂದ ಆ ಕಾರಣಕ್ಕೆ ತೆಗೆಯುವಂತಿಲ್ಲ. ಈ ಎರಡನೆಯ ಸಾಲಿಲ್ಲದೆ ಮೊದಲನೆಯದು ನಡೆಯುವುದಿಲ್ಲ. ಮಕ್ಕಳು ಬಾಯಿಬಿಡುವುದೇ ಇಲ್ಲ.

ಸುತ್ತೋಲೆ ಬರುವವರೆಗೆ ಕಾಯಬೇಕಾಗಿಯೂ ಇಲ್ಲ. ಈ ಸಲ ಸೀಟಿ ಊದುವ ಮುಂಚೆ, ಎರಡೂ ತಂಡಗಳನ್ನು ಸಾಲಾಗಿ ನಿಲ್ಲಿಸಿ, ಮಾಸ್ತರು ಇಷ್ಟು ಹೇಳಿದರೆ ಸಾಕು: “ತಲಿಗೆ ಪೆಟ್ಟ ಬಿದ್ರ ಬಂದು ಹೇಳ್ರಿ. ನಿಮ್ಮ ಜಾಗ ಎಲ್ಲೂ ಹೋಗಂಗಿಲ್ಲ.”