ಒಗರು ವೈನ್ ಮತ್ತು ಒಂದು ಬಟ್ಟಲು ಟೊಮೆಟೊ

ಕಿಯಾಂತಿ ಕ್ಲಾಸಿಕೋ ಮೊದಲ ಸಲ ಕುಡಿದಾಗ ನನಗೆ ನೆನಪಾದದ್ದು ಸರಿಯಾಗಿ ಹಣ್ಣಾಗದ ನೇರಳೆ! ಆಫೀಸ್ ಕೆಲಸಕ್ಕೆ ಅಂತ ಇಟಲಿಗೆ ಹೋದವನು ವಾರಾಂತ್ಯಕ್ಕೆ ಫ್ಲಾರೆನ್ಸ್‌ನಲ್ಲಿ ಉಳಿದಿದ್ದೆ. ಸಂಜೆ ಖಾಲಿ ಹೊಟ್ಟೆಯಲ್ಲಿ ಒಂದು ಗ್ಲಾಸ್. ಮೊದಲು ಹುಳಿ, ಆಮೇಲೆ ನಾಲಿಗೆಯೆಲ್ಲಾ ಒಗರು. ಅರ್ಧಕ್ಕೇ ಬಿಟ್ಟು ಎದ್ದೆ. ದುಡ್ಡು ದಂಡ ಅಂತ ಹೊಟ್ಟೆ ಉರಿದದ್ದು ಬೇರೆ (ಯೂರೋವನ್ನು ರೂಪಾಯಿಗೆ ಗುಣಿಸುವ ಚಟ ಇನ್ನೂ ಹೋಗಿಲ್ಲ).

ಮಾರನೇ ದಿನ ಮಧ್ಯಾಹ್ನ ಅದೇ ವೈನ್ ಊಟದ ಜೊತೆ ಬಂತು. ನಾನು ಸಸ್ಯಾಹಾರಿ, ಹಾಗಾಗಿ ಅಲ್ಲಿನ ಹೆಸರುವಾಸಿ ಬಿಸ್ತೆಕ್ಕಾ ನನಗಲ್ಲ. ತರಿಸಿದ್ದು ಪಪ್ಪಾ ಅಲ್ ಪೊಮೊದೋರೊ. ಅಂದ್ರೆ ಒಣಗಿದ ಬ್ರೆಡ್, ಟೊಮೆಟೊ, ಬೆಳ್ಳುಳ್ಳಿ, ನಮ್ಮ ತುಳಸಿಯ ತಂಗಿ ಬೇಸಿಲ್, ಮೇಲೆ ಧಾರಾಳವಾಗಿ ಆಲಿವ್ ಎಣ್ಣೆ. ನೋಡಲು ಗಟ್ಟಿ ಗೊಜ್ಜಿನ ಹಾಗೆ. ಪಕ್ಕದಲ್ಲಿ ಕುರಿ ಹಾಲಿನ ಪೆಕೊರಿನೊ ಚೀಸ್. ಒಂದು ತುತ್ತು, ಒಂದು ಗುಟುಕು... ನಿನ್ನೆಯ ಹುಳಿ ಎಲ್ಲಿ ಹೋಯ್ತು? ಟೊಮೆಟೊ ಹುಳಿಯ ಮುಂದೆ ವೈನಿನ ಹುಳಿ ಮೆತ್ತಗಾಗಿತ್ತು. ಒಗರಿಗೆ ಕಾರಣ ಟ್ಯಾನಿನ್. ಅದು ಎಂಜಲಿನ ಪ್ರೋಟೀನಿಗೆ ಅಂಟಿಕೊಂಡು ಬಾಯಿ ಒಣಗಿಸುತ್ತೆ. ಚೀಸೋ ಮಾಂಸವೋ ಬಾಯಲ್ಲಿದ್ದರೆ ಅದರ ಪ್ರೋಟೀನು, ಕೊಬ್ಬಿನ ಹಿಂದೆ ಹೋಗುತ್ತೆ, ನಾಲಿಗೆಯನ್ನು ಬಿಡುತ್ತೆ. ಆಗ ಕಂಡಿತು, ಹಿಂದೆ ಅಡಗಿದ್ದ ಹುಳಿ ಚೆರ್ರಿಯ ಘಮ.

ಅದಕ್ಕೇ ನನ್ನ ತಕರಾರು. ಸಾಲಾಗಿ ಗ್ಲಾಸ್ ಇಟ್ಟು, ಗುಟುಕರಿಸಿ, ಉಗುಳಿ, ನೂರಕ್ಕೆ ಇಷ್ಟು ಅಂತ ಅಂಕ ಹಾಕ್ತಾರಲ್ಲ, ಈ ವೈನಿನ ಮಟ್ಟಿಗೆ ಅದು ಶುದ್ಧ ಅನ್ಯಾಯ. ಮೊಸರನ್ನ ಇಲ್ಲದೆ ಬರೀ ಉಪ್ಪಿನಕಾಯಿ ತಿಂದು ಫೇಲ್ ಮಾಡಿದ ಹಾಗೆ. ಫ್ಲಾರೆನ್ಸ್ ಮತ್ತು ಸಿಯೆನಾ ನಡುವಿನ ಈ ಸೀಮೆಗೆ 1716ರಲ್ಲೇ ತೊಸ್ಕಾನದ ದೊರೆ ಮೂರನೇ ಕೊಸಿಮೊ ಎಲ್ಲೆ ಗುರುತಿಸಿದ್ದ. ಈಗಿನ ನಿಯಮದಂತೆ ಬಾಟಲಿಯಲ್ಲಿ ಕನಿಷ್ಠ ಶೇ. 80 ಸಾಂಜೊವೇಸೆ ದ್ರಾಕ್ಷಿ ಇರಬೇಕು. ಹುಳಿ, ಒಗರು ಎರಡೂ ಆ ದ್ರಾಕ್ಷಿಯ ಹುಟ್ಟುಗುಣ. ಎಣ್ಣೆ, ಬೀನ್ಸ್, ಚೀಸ್, ಉಪ್ಪಿಲ್ಲದ ಬ್ರೆಡ್ ಇರುವ ಅಲ್ಲಿನ ಊಟಕ್ಕೆ ಅದೇ ಬೇಕು. ಒಂಟಿಯಾಗಿ ಕೂರಿಸಿ ಪರೀಕ್ಷೆ ಮಾಡಿದರೆ ಮೆತ್ತಗಿನ, ಸಿಹಿ ಹಣ್ಣಿನಂಥ ವೈನುಗಳೇ ಮೊದಲ ರ‍್ಯಾಂಕ್ ಬರೋದು.

ಹಾಗಂತ ಎಲ್ಲ ಊಟಕ್ಕೂ ಒಗ್ಗಲ್ಲ. ಬೆಂಗಳೂರಿಗೆ ತಂದ ಬಾಟಲಿಯನ್ನು ಗೆಳೆಯರು ಬಿಸಿಬೇಳೆಬಾತ್ ಜೊತೆ ತೆಗೆದರು. ಮೆಣಸಿನಕಾಯಿ ಖಾರಕ್ಕೆ ಆಲ್ಕೋಹಾಲ್ ಇನ್ನಷ್ಟು ಉರಿಯಿತು, ಒಗರು ಇಮ್ಮಡಿಯಾಯಿತು. "ಇದಕ್ಕಾ ನೀನು ಅಷ್ಟು ಹೊಗಳಿದ್ದು?" ಅಂದರು. ತಪ್ಪು ನನ್ನದೇ, ಬಾಯಿ ಮುಚ್ಚಿಕೊಂಡೆ :) ಇನ್ನೊಂದು ಬಾಟಲಿ ಉಳಿದಿದೆ. ಈ ಸಲ 16-18 ಡಿಗ್ರಿಗೆ ಬರುವಷ್ಟು ಫ್ರಿಜ್ಜಿನಲ್ಲಿಟ್ಟು, ಖಾರ ಹಾಕದ ಟೊಮೆಟೊ ಅಡುಗೆ ಮಾಡಿ, ಅವರನ್ನೇ ಮತ್ತೆ ಕರೀತೀನಿ.