ಭಂಗಾರವೂ ಬಂಗಾರವೇ

ಬಿ.ಎ. ಓದುವವನಿಗೆ ಬೆಸುಗೆಯ ಕೆಲಸ ಏತಕ್ಕೆಂದು ಮಿತ್ರರು ಕೇಳುವುದುಂಟು. ಅನುಭವದಿಂದಲೇ ಉತ್ತರ ಹೇಳುವೆನು.

ಹುಮನಾಬಾದಿನ ಭಂಗಾರದ ಅಂಗಡಿಯಲ್ಲಿ ಸಿಕ್ಕ ಹಳೆಯ ಕಾರ್ ಸ್ಟೀರಿಯೋದಿಂದ ಟಿಡಿಎ 2003 ಎಂಬ ಐಸಿಯನ್ನೂ, ಕೆಟ್ಟ ಟೇಪ್ ರಿಕಾರ್ಡರಿನಿಂದ 12 ವೋಲ್ಟಿನ ಟ್ರಾನ್ಸ್‌ಫಾರ್ಮರನ್ನೂ ಬಿಡಿಸಿ ಒಂದು ಆಂಪ್ಲಿಫೈಯರ್ ಕಟ್ಟಿದೆನು. ಅದು ಹಾಡುವ ಬದಲು ಗುಂಯ್‌ಗುಡತೊಡಗಿತು. ಐಸಿಯೇ ಸುಟ್ಟಿತೆಂದು ನಾನು ಕೈಬಿಟ್ಟಿದ್ದೆನು. ಬಸವಕಲ್ಯಾಣದ ರೇಡಿಯೋ ರಿಪೇರಿಯವರೊಬ್ಬರು ಸದ್ದು ಕೇಳಿದೊಡನೆ, “ಐಸಿ ಛಲೋ ಅದ ತಮ್ಮಾ, ಕೆಪ್ಯಾಸಿಟರ್ ಒಣಗ್ಯಾದ” ಎಂದರು. ಸೆಕೆಂಡಿಗೆ 50 ಆವರ್ತನದ ಮನೆಯ ವಿದ್ಯುತ್ತು ನಾಲ್ಕು ಡಯೋಡುಗಳನ್ನು ದಾಟಿದ ಮೇಲೂ 100 ಏರಿಳಿತಗಳನ್ನು ಉಳಿಸಿಕೊಂಡಿರುತ್ತದೆ. ಅವನ್ನು ಸಮಗೊಳಿಸುವುದೇ ಆ ಕೆಪ್ಯಾಸಿಟರಿನ ಕೆಲಸ. ಅದನ್ನು ಬದಲಿಸಿದೆನು, ಹಾಡು ಕೇಳಿಸಿತು.

ಆ ಹಿರಿಯರಿಗೆ ಯಾವ ಪದವಿಯೂ ಇಲ್ಲ. ಮನೆಯಲ್ಲಿ ಮೊದಲ ಪದವೀಧರರಾಗುವ ನಮ್ಮಂಥವರು, ಕೈಕೆಲಸದಿಂದ ಪಾರಾಗುವುದೇ ವಿದ್ಯೆಯೆಂದು ತಿಳಿಯಬಾರದು. 12ನೆಯ ಶತಮಾನದಲ್ಲಿ ಶರಣರು ಕಾಯಕಕ್ಕೆ ಗೌರವ ತಂದ ಊರಿದು. ಕಾಲೇಜಿನ ಕೆಟ್ಟ ಧ್ವನಿವರ್ಧಕಗಳನ್ನು ಭಂಗಾರಕ್ಕೆ ಹಾಕದೆ, ಶನಿವಾರ ಒಂದು ಗಂಟೆ ನಮ್ಮ ಕೈಗೆ ಕೊಡಲಿ. ಕಲಿಸಲು ಅಂಥ ಹಿರಿಯರನ್ನೇ ಕರೆಯಲಿ ಎಂಬುದು ನನ್ನ ವಿನಂತಿ.