ತಂತ್ರವಿದ್ಯೆಯೂ ಜನಜೀವನವೂ

ವಿದ್ಯೆಯು ಬಾಳಿಗೆ ಬೆಳಕಾಗಬೇಕೆಂಬುದನ್ನು ಎಲ್ಲರೂ ಒಪ್ಪುತ್ತಾರೆ. ಯಾರ ಬಾಳಿಗೆ ಎಂದು ಕೇಳುವವರು ವಿರಳ. ಅಭಿವೃದ್ಧಿಶೀಲ ರಾಷ್ಟ್ರಗಳ ಎಂಜಿನಿಯರಿಂಗ್ ಕಾಲೇಜುಗಳು ಈ ಪ್ರಶ್ನೆಯನ್ನು ಎದುರಿಸಲೇಬೇಕು. ಅನ್ಯರು ತಮ್ಮ ಸಮಸ್ಯೆಗಳಿಗೆ ಕಂಡುಕೊಂಡ ಪರಿಹಾರಗಳನ್ನು ಕಂಠಪಾಠ ಮಾಡಿದ ವಿದ್ಯಾರ್ಥಿಯು ಪರೀಕ್ಷೆಯಲ್ಲಿ ತೇರ್ಗಡೆಯಾಗಬಹುದು. ಆದರೆ ನೆರೆಯ ಹಳ್ಳಿಯ ಒಲೆ ಏಕೆ ಅಷ್ಟು ಹೊಗೆಯಾಡುತ್ತದೆಂದು ಅವನು ಯೋಚಿಸಿಯೇ ಇರುವುದಿಲ್ಲ.

ಈ ಕೊರತೆಯನ್ನು ಮನಗಂಡವರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರಾಗಿದ್ದ ಅಮೂಲ್ಯ ಕುಮಾರ್ ಎನ್. ರೆಡ್ಡಿಯವರು ಒಬ್ಬರು. ಅವರ ಮುಂದಾಳುತನದಲ್ಲಿ 1974ರಲ್ಲಿ, ವಿಜ್ಞಾನವನ್ನು ಹಳ್ಳಿಗಳಿಗೆ ಅನ್ವಯಿಸುವ ‘ಅಸ್ತ್ರ’ ಎಂಬ ವಿಭಾಗವು ಆರಂಭವಾಯಿತು. ವಿಜ್ಞಾನಿಗಳು ಹಳ್ಳಿಗಳಿಗೆ ಹೋಗಿ, ಮನೆಗಳಲ್ಲಿ ಎಷ್ಟು ಸೌದೆ ಉರಿಯುತ್ತದೆ, ಅದನ್ನು ತರಲು ಹೆಂಗಸರೂ ಮಕ್ಕಳೂ ಎಷ್ಟು ಹೊತ್ತು ದುಡಿಯುತ್ತಾರೆ ಎಂಬುದನ್ನು ಅಳೆದರು. ಕಡಿಮೆ ಸೌದೆ ಬೇಡುವ, ಹೊಗೆಯನ್ನು ಕೊಳವೆಯ ಮೂಲಕ ಹೊರಗಟ್ಟುವ ‘ಅಸ್ತ್ರ ಒಲೆ’ಯು ಇಂತಹ ಶ್ರಮದ ಫಲ.

ಕುಣಿಗಲ್ ತಾಲ್ಲೂಕಿನ ಪುರ ಎಂಬ ಪುಟ್ಟ ಹಳ್ಳಿಯಲ್ಲಿ ನಡೆದ ಪ್ರಯೋಗವು ಇನ್ನೂ ಬೋಧಪ್ರದವಾದುದು. ಸಗಣಿಯಿಂದ ಪಡೆದ ಅನಿಲವನ್ನು ಅಡಿಗೆಗೆ ಒದಗಿಸಬೇಕೆಂಬುದು ಮೊದಲ ಯೋಜನೆ. ಸಗಣಿ ಸಾಲದೆ ಅದು ಕೈಗೂಡಲಿಲ್ಲ. ಊರವರಿಗಾದರೋ ಮೊದಲು ಬೇಕಾಗಿದ್ದುದು ಕುಡಿಯುವ ನೀರು. ಅವರ ಮಾತಿಗೆ ಕಿವಿಗೊಟ್ಟ ಮೇಲೆ ಯೋಜನೆಯ ಸ್ವರೂಪವೇ ಬದಲಾಯಿತು. 1987ರಲ್ಲಿ ಆ ಅನಿಲವು ಸ್ವಲ್ಪ ಡೀಸೆಲ್‌ನೊಡನೆ ಎಂಜಿನನ್ನು ನಡೆಸಿ ವಿದ್ಯುತ್ತನ್ನು ನೀಡತೊಡಗಿತು. ಕೊಳವೆ ಬಾವಿಯ ನೀರು ಊರೊಳಗೆ ಹರಿಯಿತು. ಮನೆಗಳಲ್ಲಿ ದೀಪ ಹೊತ್ತಿತು. ಅನಿಲ ತೆಗೆದ ಬಗ್ಗಡವು ಗೊಬ್ಬರವಾಗಿ ಸಗಣಿ ಕೊಟ್ಟವರಿಗೇ ಮರಳಿತು.

ಮುಂದೆ ಆ ಸ್ಥಾವರವು ನಿಂತುಹೋಯಿತು. ಅಷ್ಟಕ್ಕೇ ಪ್ರಯೋಗವು ವ್ಯರ್ಥವೆನ್ನಲಾಗದು. ಯಂತ್ರವನ್ನು ಕಟ್ಟಿದರೆ ಸಾಲದು, ಅದನ್ನು ಬಹುಕಾಲ ನಡೆಸಿಕೊಂಡು ಹೋಗುವ ವ್ಯವಸ್ಥೆಯನ್ನೂ ಕಟ್ಟಬೇಕೆಂಬ ಪಾಠ ಅದರಲ್ಲಿದೆ.

ಒಲೆ, ಸಗಣಿಗಳ ವಿಚಾರ ಉನ್ನತ ವಿಜ್ಞಾನಕ್ಕೆ ತಕ್ಕುದಲ್ಲವೆಂದು ಕೆಲವರು ಮೂಗು ಮುರಿಯಬಹುದು. ಒಲೆಯಲ್ಲಿ ಶಾಖವು ಎಲ್ಲಿ ಪೋಲಾಗುತ್ತದೆಂದು ಕಂಡುಹಿಡಿಯಲು ಬೇಕಾದ ಭೌತಶಾಸ್ತ್ರವೂ ದೊಡ್ಡ ಉಗಿಯಂತ್ರಕ್ಕೆ ಬೇಕಾದ ಭೌತಶಾಸ್ತ್ರವೂ ಒಂದೇ. ದೇಶಕ್ಕೆ ಉಪಗ್ರಹವೂ ಬೇಕು, ಹೊಗೆಯಿಲ್ಲದ ಅಡಿಗೆಮನೆಯೂ ಬೇಕು. ಎರಡನೆಯದನ್ನು ಕೀಳೆಂದು ಕಲಿಸುವ ಶಿಕ್ಷಣ ಅಪೂರ್ಣವೆಂದೇ ನನ್ನ ಅಭಿಪ್ರಾಯ.

ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದರೆಂದು ಗಾದೆಯಿದೆ. ಜನರ ಅಗತ್ಯವನ್ನು ಅರಿಯುವ ಮುನ್ನ ಯಂತ್ರವನ್ನು ಹೊತ್ತು ತರುವುದೂ ಹಾಗೆಯೇ. ನಾಳೆ ತಂತ್ರಜ್ಞರಾಗಬಯಸುವ ವಿದ್ಯಾರ್ಥಿಗಳು ಸೂತ್ರಗಳನ್ನು ಶ್ರದ್ಧೆಯಿಂದ ಕಲಿಯಲಿ. ಜನರ ಬಳಿಗೆ ಹೋಗಿ ಅವರ ಮಾತನ್ನು ಕೇಳುವುದನ್ನೂ ಅಷ್ಟೇ ಶ್ರದ್ಧೆಯಿಂದ ಕಲಿಯಲಿ.